ಮುಟುರಿದ ಎಲೆಯ ಚರಿತ್ರೆ

ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಪೆರೇಸಂದ್ರ ಸಿಗುತ್ತದಷ್ಟೆ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ, ಕೊಳವೆ ಬಾವಿಯನ್ನು ನಂಬಿದ ರೈತನ ಕೈಗೆ ನಾಲ್ಕು ಕಾಸು ತರುವ ಬೆಳೆಗಳಲ್ಲಿ ಟೊಮೇಟೊ ಒಂದು. ಅದರ ಎಲೆ ಮುಟುರಿತೆಂದರೆ ಸಾಲ ಉಳಿಯುತ್ತದೆ, ಹಣ್ಣು ಉಳಿಯುವುದಿಲ್ಲ.

ಈ ಎಲೆ ಮುಟುರು ರೋಗ ನಿನ್ನೆ ಮೊನ್ನೆಯದಲ್ಲ. ವಾಸುದೇವ ಮತ್ತು ಸ್ಯಾಮ್‌ರಾಜ್ ಎಂಬ ವಿಜ್ಞಾನಿಗಳು 1948ರಲ್ಲಿಯೇ ಅದನ್ನು ವರ್ಣಿಸಿದ್ದರು. ರೋಗಕ್ಕೆ ಕಾರಣ ಒಂದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಎಲೆಯಡಿ ಕುಳಿತು ರಸ ಹೀರುವ ಬಿಳಿ ನೊಣ. ನಾಟಿಯಾದ ಮೊದಲ ವಾರಗಳಲ್ಲಿಯೇ ಸೋಂಕು ತಗುಲಿದರೆ ನೂರಕ್ಕೆ 90 ಪಾಲು ಫಸಲು ಕೈಬಿಡುವುದುಂಟು.

ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಗಿಡ ಒಂದೇ ರೀತಿ ಕುಗ್ಗುತ್ತಿದ್ದುದರಿಂದ ವೈರಸ್ಸೂ ಒಂದೇ ಎಂದು ಭಾವಿಸುವುದು ಸಹಜವಾಗಿತ್ತು. 1990ರ ದಶಕದಲ್ಲಿ ಅದರ ಡಿ.ಎನ್.ಎ.ಯನ್ನು ಅಕ್ಷರ ಅಕ್ಷರವಾಗಿ ಓದಿದಾಗ ಈ ಎಣಿಕೆ ತಲೆಕೆಳಗಾಯಿತು. ಆ ಡಿ.ಎನ್.ಎ. ಸುಮಾರು 2,700 ಅಕ್ಷರಗಳ ಒಂದು ಉಂಗುರ. ದೆಹಲಿಯ ವೈರಸ್ಸಿಗೆ ಅಂಥ ಉಂಗುರಗಳು ಎರಡು. ಬೆಂಗಳೂರಿನದು ಒಂದರಲ್ಲಿಯೇ ಸಂಸಾರ ಸಾಗಿಸುತ್ತದೆ. ಒಂದೇ ವೇಷ ತೊಟ್ಟ ಇಬ್ಬರು ನಟರೆನ್ನಿ. ಒಂದೂರಿನಲ್ಲಿ ರೋಗಕ್ಕೆ ಬಗ್ಗದ ತಳಿ ಇನ್ನೊಂದೂರಿನಲ್ಲಿ ಬಗ್ಗಬಹುದೆಂಬ ಎಚ್ಚರ ಇದರಿಂದ ಹುಟ್ಟಿತು.

1999ರಲ್ಲಿ ಕೋಲಾರ ಜಿಲ್ಲೆಯ ಟೊಮೇಟೊ ಹೊಲಗಳ ಮೇಲೆ ದೊಡ್ಡ ಪೆಟ್ಟು ಬಿತ್ತು. (ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದುದು 2007ರಲ್ಲಿ, ಆಗ ಪೆರೇಸಂದ್ರವೂ ಕೋಲಾರಕ್ಕೇ ಸೇರಿತ್ತು.) ಬಿಳಿ ನೊಣಗಳು ಹಿಂದೆಂದೂ ಕಾಣದಷ್ಟು ಮುತ್ತಿದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿ. ಮುನಿಯಪ್ಪನವರೂ ಅವರ ಸ್ವದೇಶ ವಿದೇಶಗಳ ಸಂಗಡಿಗರೂ ಪರೀಕ್ಷಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗ ಹಳೆಯದು, ನೊಣ ಮಾತ್ರ ಹೊಸದು! ಲೋಕವನ್ನೆಲ್ಲ ಸುತ್ತಿ ಬಂದಿದ್ದ 'ಬಿ' ಬಗೆಯ ಬಿಳಿ ನೊಣ ಭಾರತದಲ್ಲಿ ಮೊದಲ ಬಾರಿಗೆ ಸಿಕ್ಕಿಬಿದ್ದುದು ನಮ್ಮ ಕೋಲಾರದಲ್ಲಿ. ನೋಡಲು ಹಳೆಯ ನೊಣದಂತೆಯೇ ಇರುವ ಇದನ್ನು ಗುರುತಿಸುವುದಕ್ಕೂ ಡಿ.ಎನ್.ಎ.ಯನ್ನೇ ಕೇಳಬೇಕಾಯಿತು. ಔಷಧಿಯ ಡಬ್ಬಿಯೊಂದನ್ನೇ ನಂಬಿದವರಿಗೆ ಈ ನೊಣ ಸುಲಭವಾಗಿ ಮಣಿಯುವಂಥದಲ್ಲ.

ಅದೇ ವಿಶ್ವವಿದ್ಯಾನಿಲಯದಿಂದ ಮುಂದೆ ರೋಗನಿರೋಧಕ ತಳಿಗಳು ಬಂದವು: ಸಂಕ್ರಾಂತಿ, ನಂದಿ, ವೈಭವ. ನಮ್ಮ ಬೆಟ್ಟದ ಹೆಸರು ಹಣ್ಣಿಗೆ ಬಂದುದು ಸಂತೋಷದ ವಿಷಯವೇ. ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸಿ, ಎಳೆಯ ಸಸಿಗಳಿಗೆ ನೊಣ ತಾಗದಂತೆ ಕಾಯುವ ಕ್ರಮವೂ ರೂಢಿಗೆ ಬಂದಿತು. ಇನ್ನು ಬದುವಿನ ಮಾತು. ನಾವು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಮುಂತಾದ ಕಳೆಗಳಲ್ಲಿಯೂ ಈ ವೈರಸ್ ಬದುಕಿರುತ್ತದೆ. ಹೊಲದಲ್ಲಿ ಟೊಮೇಟೊ ಇಲ್ಲದ ದಿನಗಳಲ್ಲಿ ಅದಕ್ಕೆ ಅಲ್ಲಿಯೇ ಬಿಡಾರ.