ಕಪ್ಪು ಹಲಗೆಯ ಮುಂದಿನ ಬಿಳಿ ಮಗು

ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ನೀರಿನ ಮೇಲೆ ಬೇಸಿಗೆಯ ಬಿಸಿಲು ಬಿದ್ದಾಗ ಯಾರ ಕಣ್ಣಾದರೂ ಕೋರೈಸುತ್ತದೆ. ಆಲ್ಬಿನಿಸಂ ಇರುವ ಮಗುವಿಗೆ ಊರ ಶಾಲೆಯ ಅಂಗಳದ ಬಿಸಿಲೂ ಹಾಗೆಯೇ. ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ ನೋಡುವ ಆ ಮಗುವನ್ನು 'ದಡ್ಡ' ಎಂದು ಹಿಂದಿನ ಸಾಲಿಗೆ ಕಳಿಸಿದರೆ ಅದರ ಓದು ಅಲ್ಲಿಗೇ ಮುಗಿದಂತೆ.

ಆಲ್ಬಿನಿಸಂ ತೊನ್ನಲ್ಲ, ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಕಡಿಮೆ ಇರುವ ಅಥವಾ ಇಲ್ಲದಿರುವ ಸ್ಥಿತಿ ಇದು. ಮೆಲನಿನ್ ಇಲ್ಲದೆ ಅಕ್ಷಿಪಟಲದ ನಡುಭಾಗ ಪೂರ್ತಿ ಬೆಳೆಯುವುದಿಲ್ಲ. ಆದ್ದರಿಂದ ಕನ್ನಡಕ ಹಾಕಿದರೂ ದೃಷ್ಟಿ ಪೂರ್ಣವಾಗಿ ಸರಿಹೋಗದು. ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ.

ಇದು ವಂಶವಾಹಿಯ ದೋಷವೆಂದು ತಿಳಿದದ್ದು ಹೇಗೆ? 1908ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಹುಟ್ಟಿನಿಂದ ಬರುವ ರಾಸಾಯನಿಕ ದೋಷಗಳ ಸಾಲಿನಲ್ಲಿ ಆಲ್ಬಿನಿಸಂ ಅನ್ನೂ ಸೇರಿಸಿದರು. ಸಾಮಾನ್ಯ ಬಗೆಯಲ್ಲಿ ತಂದೆ, ತಾಯಿ ಇಬ್ಬರಲ್ಲೂ ದೋಷದ ವಂಶವಾಹಿ ಅಡಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯಲ್ಲಿ ಈ ಸಾಧ್ಯತೆ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗಿದ್ದವು. ಆದರೂ ತಾಯಿಯೊಬ್ಬಳನ್ನೇ ದೂರುವುದು ಅನ್ಯಾಯ. ದೋಷ ಬರುವುದು ಎರಡೂ ಕಡೆಯಿಂದ.

ಇಂಥ ಮಕ್ಕಳಿಗೆ ಪಾಠ ಹೇಳುವ ಚರಿತ್ರೆಯೂ ವಿಚಿತ್ರವಾದದ್ದು. ಕಣ್ಣು ಬಳಸಿದಷ್ಟೂ ಸವೆಯುತ್ತದೆಂಬ ನಂಬಿಕೆಯಿಂದ, 20ನೆಯ ಶತಮಾನದ ಆರಂಭದಲ್ಲಿ ಲಂಡನ್, ಬಾಸ್ಟನ್‌ಗಳಲ್ಲಿ 'ದೃಷ್ಟಿ ಉಳಿಸುವ' ತರಗತಿಗಳು ಹುಟ್ಟಿದವು. ಅಲ್ಲಿ ಕಣ್ಣಿನ ಓದಿಗೆ ಮಿತಿ ಇತ್ತು. ಅಂಧರ ಶಾಲೆಗೆ ಸೇರಿದ, ಅಲ್ಪಸ್ವಲ್ಪ ಕಾಣುವ ಮಕ್ಕಳೂ ಬ್ರೈಲ್ ಲಿಪಿಯನ್ನೇ ಕಲಿಯಬೇಕಾಯಿತು. 1964ರಲ್ಲಿ ಅಮೆರಿಕದ ನ್ಯಾಟಲಿ ಬರಾಗಾ, ತರಬೇತಿ ಕೊಟ್ಟರೆ ಮಕ್ಕಳು ಉಳಿದ ದೃಷ್ಟಿಯನ್ನು ಹೆಚ್ಚು ಚೆನ್ನಾಗಿ ಬಳಸಬಲ್ಲರೆಂದು ತೋರಿಸಿದರು. ಬಳಕೆಯಿಂದ ಕಣ್ಣು ಕೆಡದು ಎಂಬುದು ಖಚಿತವಾಯಿತು.

ಭಾರತದಲ್ಲಿ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರ ಯೋಜನೆ 1974ರಲ್ಲಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಆಲ್ಬಿನಿಸಂ ಹೆಸರಿಲ್ಲ. ಆದರೆ 'ಮಂದದೃಷ್ಟಿ' ಇದೆ. ನ್ಯೂನತೆ ಶೇಕಡ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ದೊರೆತರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಆ ಮಗುವಿನ ಹಕ್ಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರಿಗೂ ಕಾಯ್ದೆಯಲ್ಲಿ ಅವಕಾಶವಿದೆ.

ಉಳಿದದ್ದು ದುಬಾರಿಯದಲ್ಲ. ಮಗುವನ್ನು ಮುಂದಿನ ಸಾಲಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಕು. ಹಲಗೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದರೆ ಗದರಬಾರದು. ಭೂತಗನ್ನಡಿ, ದೊಡ್ಡಕ್ಷರದ ಪುಟ ನೆರವಾಗುತ್ತವೆ. ಬಿಸಿಲಿಗೆ ಟೊಪ್ಪಿಗೆ, ತುಂಬುತೋಳಿನ ಅಂಗಿ, ತಂಪು ಕನ್ನಡಕ ಬೇಕು. ಇಲ್ಲದಿದ್ದರೆ ಮುಂದೆ ಚರ್ಮದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಬೆಳೆದ ಮೇಲೆ ಹೊಲದ ಕೆಲಸಕ್ಕಿಂತ ನೆರಳಿನ ಉದ್ಯೋಗವೇ ಕ್ಷೇಮ. ಅದು ದೊರೆಯಬೇಕಾದರೆ ಓದು ಬೇಕು.

ವಿಶ್ವಸಂಸ್ಥೆ 2015ರಿಂದ ಜೂನ್ 13ನ್ನು ಆಲ್ಬಿನಿಸಂ ಜಾಗೃತಿ ದಿನವಾಗಿ ಆಚರಿಸುತ್ತಿದೆ. ನಮ್ಮಲ್ಲಿ ಶಾಲೆಗಳು ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಯಾವ ಮಗು ಎಲ್ಲಿ ಕೂರಬೇಕೆಂದು ಗುರುಗಳು ಗೊತ್ತುಮಾಡುವುದೂ ಆಗಲೇ.