ಎಲೆಯ ಲಕ್ಷಣ ಮತ್ತು ಬೇರಿನ ಪರಿಸರ: ಒಳಾಂಗಣದ ಮಣ್ಣಿನಲ್ಲಿ ಬೆಳೆವ ಗಾಂಜಾ ಗಿಡದ ರೋಗನಿದಾನ

ಗಾಂಜಾ ಗಿಡದ ಎಲೆ ಹಳದಿಯಾದೊಡನೆ ಅದಕ್ಕೆ ಒಂದು ಪೋಷಕಾಂಶದ ಹೆಸರನ್ನು ಅಂಟಿಸಿ ಆ ಪೋಷಕಾಂಶವನ್ನೇ ಕುಂಡಕ್ಕೆ ಸುರಿಯುವ ಪದ್ಧತಿ ಈ ಬೆಳೆಗಾರಿಕೆಯಲ್ಲಿ ವ್ಯಾಪಕವಾಗಿ ಬೇರೂರಿದೆ. ಮಣ್ಣಿನಲ್ಲಿ ಆ ಅಂಶ ಇಲ್ಲದಿರುವುದು ಒಂದು ಸ್ಥಿತಿ, ಇದ್ದೂ ಬೇರಿಗೆ ದಕ್ಕದಿರುವುದು ಇನ್ನೊಂದು ಸ್ಥಿತಿ. ಎಲೆಯ ಮೇಲೆ ಇವೆರಡೂ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಒಳಾಂಗಣದ ಕುಂಡಗಳಲ್ಲಿ ಹೆಚ್ಚಾಗಿ ಎದುರಾಗುವುದು ಎರಡನೆಯದು ಎಂಬುದು ಪ್ರಸ್ತುತ ಲೇಖನದ ವಾದ. ಭಾರತದಲ್ಲಿ 1985ರ ಮಾದಕ ದ್ರವ್ಯಗಳ ಕಾಯ್ದೆ ಪರವಾನಗಿಯಿಲ್ಲದೆ ಈ ಗಿಡವನ್ನು ಬೆಳೆಸುವುದನ್ನು ನಿಷೇಧಿಸಿರುವುದರಿಂದ, ಇಲ್ಲಿನ ಚರ್ಚೆ 2018ರ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ಒಕ್ಕೂಟ ಕಾನೂನು ಮನೆಯೊಂದಕ್ಕೆ ನಾಲ್ಕು ಗಿಡಗಳ ಮಿತಿ ಹಾಕಿರುವ ಕೆನಡಾ ಹಾಗೂ ಈ ಬೆಳೆಯ ಕುರಿತು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆದಿರುವ ಅಮೆರಿಕದ ಅನುಭವವನ್ನು ಆಧರಿಸಿದೆ.

ಎಲೆಯ ಲಕ್ಷಣಗಳಿಂದ ಕೊರತೆಯನ್ನು ಗುರುತಿಸುವ ಶಾಸ್ತ್ರಕ್ಕೆ ಗಟ್ಟಿಯಾದ ಪರಂಪರೆಯಿದೆ. ಸಸ್ಯಕ್ಕೆ ಒಂದು ಮೂಲವಸ್ತು ಅತ್ಯಗತ್ಯವೆನ್ನಲು ಬೇಕಾದ ನಿಯಮಗಳನ್ನು ಆರ್ನಾನ್ ಮತ್ತು ಸ್ಟೌಟ್ 1939ರಲ್ಲಿ ನಿರೂಪಿಸಿದರು. ಇಂಗ್ಲೆಂಡಿನ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದ ಥಾಮಸ್ ವಾಲೇಸ್ 1943ರಲ್ಲಿ ಪ್ರಕಟಿಸಿದ ಗ್ರಂಥ, ಕೊರತೆಗಳನ್ನು ವರ್ಣಚಿತ್ರಗಳ ನೆರವಿನಿಂದ ಕಣ್ಣಳತೆಯಲ್ಲೇ ಗುರುತಿಸುವ ಕ್ರಮಕ್ಕೆ ಮಾದರಿಯಾಯಿತು. ಗಾಂಜಾ ಗಿಡದ ಮಟ್ಟಿಗೆ ಇದೇ ಜಾಡಿನ ಗಂಭೀರ ಪ್ರಯತ್ನವೊಂದು ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಂದ 2019ರಲ್ಲಿ ಹೊರಬಂತು. ಅವರು ಗಿಡಗಳನ್ನು ಸಿಲಿಕಾ ಮರಳಿನಲ್ಲಿ ಬೆಳೆಸಿ, ಪೋಷಕ ದ್ರಾವಣದಿಂದ ಒಂದೊಂದೇ ಅಂಶವನ್ನು ತಡೆಹಿಡಿದು, ಪ್ರತಿಯೊಂದು ಕೊರತೆಯ ಲಕ್ಷಣಗಳನ್ನು ದಾಖಲಿಸಿದರು. ಈ ದಾಖಲೆಯ ಬೆಲೆ ದೊಡ್ಡದು. ಆದರೆ ಮರಳು ತಾನಾಗಿ ಪೋಷಕಾಂಶವನ್ನು ಹಿಡಿದಿಡುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ. ಅಲ್ಲಿ ಕಾಣುವ ಕಬ್ಬಿಣದ ಕೊರತೆ ನಿಜವಾಗಿಯೂ ಕಬ್ಬಿಣವಿಲ್ಲದ ಸ್ಥಿತಿಯೇ ಆಗಿರುತ್ತದೆ. ಪೀಟ್, ಕಾಂಪೋಸ್ಟ್ ಮತ್ತು ಸುಣ್ಣ ಬೆರೆತ ಕುಂಡದ ಮಣ್ಣಿಗೆ ಆ ಚಿತ್ರಗಳನ್ನು ಹಾಗೆಯೇ ಹೊಂದಿಸಿ ಚಿಕಿತ್ಸೆಯನ್ನು ನಿರ್ಧರಿಸಿದಾಗ ತಪ್ಪು ಮೊದಲಾಗುತ್ತದೆ.

ನಿದಾನದಲ್ಲಿ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಲಕ್ಷಣ ಗಿಡದ ಯಾವ ಭಾಗದಲ್ಲಿ ಮೊದಲು ಮೂಡಿತೆಂಬುದನ್ನು. ಸಾರಜನಕ, ರಂಜಕ, ಪೊಟ್ಯಾಶಿಯಂ ಮತ್ತು ಮೆಗ್ನೀಸಿಯಂ ಗಿಡದೊಳಗೆ ಚಲಿಸಬಲ್ಲವು. ಕೊರತೆಯಾದಾಗ ಗಿಡ ಇವುಗಳನ್ನು ಹಳೆಯ ಎಲೆಗಳಿಂದ ಹಿಂತೆಗೆದು ಚಿಗುರಿಗೆ ಸಾಗಿಸುವುದರಿಂದ ಲಕ್ಷಣ ಕೆಳಗಿನಿಂದ ಮೇಲಕ್ಕೇರುತ್ತದೆ. ಕ್ಯಾಲ್ಸಿಯಂ, ಕಬ್ಬಿಣ ಮತ್ತು ಬೋರಾನ್ ಒಮ್ಮೆ ಎಲೆಯಲ್ಲಿ ನೆಲೆಗೊಂಡ ಮೇಲೆ ಬಹುಮಟ್ಟಿಗೆ ಕದಲುವುದಿಲ್ಲವಾದ್ದರಿಂದ ಅವುಗಳ ಅಭಾವ ಚಿಗುರಿನಲ್ಲೇ ಕಾಣುತ್ತದೆ. ಸಾರಜನಕದ ಕೊರತೆಯಲ್ಲಿ ಕೆಳಗಿನ ಎಲೆ ಇಡಿಯಾಗಿ ಮಾಸಿದರೆ, ಗಂಧಕದ ಕೊರತೆಯಲ್ಲಿ ಅದೇ ಬಗೆಯ ಮಾಸಲು ಹಳದಿ ಎಳೆಯ ಎಲೆಗಳಲ್ಲಿ ತೋರುತ್ತದೆ. ಮೆಗ್ನೀಸಿಯಂ ಪತ್ರಹರಿತ್ತಿನ ಅಣುವಿನ ಕೇಂದ್ರದಲ್ಲಿರುವ ಧಾತು. ಅದು ಸಾಲದಾದಾಗ ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಣ ಭಾಗ ಹಳದಿಗಟ್ಟುತ್ತದೆ. ಕಬ್ಬಿಣದ ಅಭಾವದಲ್ಲಿ ಇದೇ ವಿನ್ಯಾಸ ತುದಿಯ ಎಲೆಗಳಲ್ಲಿ, ಸಾಮಾನ್ಯವಾಗಿ ಕಿರುಎಲೆಯ ಬುಡದಿಂದ ಆರಂಭವಾಗುತ್ತದೆ. ಹೂ ಬಲಿಯುವ ಕೊನೆಯ ವಾರಗಳಲ್ಲಿ ಕೆಳಗಿನ ದೊಡ್ಡ ಎಲೆಗಳು ಹಳದಿಯಾಗುವುದು ಬಹುಮಟ್ಟಿಗೆ ವಯೋಸಹಜ ಕ್ರಿಯೆಯಾಗಿದ್ದು, ಆ ಹಂತದಲ್ಲಿ ಸಾರಜನಕ ಕೊಡುವುದು ಅನಗತ್ಯ.

ಕಬ್ಬಿಣದ ಉದಾಹರಣೆ ಬೇರಿನ ಪರಿಸರದ ಪ್ರಾಬಲ್ಯವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮಣ್ಣಿನ ಆಮ್ಲೀಯತೆ ಅಥವಾ ಕ್ಷಾರೀಯತೆಯನ್ನು ಸೂಚಿಸುವ ರಸಸಾರ ಒಂದು ಅಂಕ ಏರಿದಾಗ ದ್ರಾವಣದಲ್ಲಿರುವ ಫೆರಿಕ್ ಕಬ್ಬಿಣದ ಅಯಾನುಗಳ ಪ್ರಮಾಣ ಸುಮಾರು ಸಾವಿರ ಪಟ್ಟು ಕುಗ್ಗುತ್ತದೆ. ಮಣ್ಣಿನ ಕುಂಡಗಳಲ್ಲಿ 6.0ರಿಂದ 7.0ರ ಒಳಗಿನ ರಸಸಾರ ಈ ಗಿಡಕ್ಕೆ ಹಿತವೆಂದು ಬೆಳೆಗಾರರು ಪರಿಗಣಿಸುತ್ತಾರೆ. ಬೈಕಾರ್ಬೊನೇಟ್ ಹೆಚ್ಚಿರುವ ನಲ್ಲಿನೀರನ್ನು ವಾರಗಟ್ಟಲೆ ಹಾಕಿದಾಗ, ಕುಂಡದ ಮಣ್ಣು ಸಣ್ಣ ಪ್ರಮಾಣದ್ದಾದ್ದರಿಂದಲೂ ಮಳೆಯ ತೊಳೆತ ಅಲ್ಲಿಲ್ಲದ್ದರಿಂದಲೂ ರಸಸಾರ ಮೇಲೇರುತ್ತದೆ. ಕಬ್ಬಿಣ ಮಣ್ಣಿನಲ್ಲಿದ್ದೂ ಚಿಗುರು ಬಿಳಿಚಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ, ಅಮೋನಿಯಂ ಪ್ರಧಾನ ಗೊಬ್ಬರಗಳು ಮಣ್ಣನ್ನು ಆಮ್ಲೀಯಗೊಳಿಸಿದಾಗ ಕಬ್ಬಿಣ ಮತ್ತು ಮ್ಯಾಂಗನೀಸ್ ಅತಿಯಾಗಿ ಕರಗಿ, ಕೆಳಗಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಏಳಬಹುದು. ಇಂಥ ಚುಕ್ಕೆಗಳನ್ನು ಕ್ಯಾಲ್ಸಿಯಂ ಕೊರತೆಯೆಂದು ಬಗೆಯುವುದು ಸುಲಭ. ಆದರೆ ಕ್ಯಾಲ್ಸಿಯಂನ ಲಕ್ಷಣ ಮೊದಲು ತೋರಬೇಕಾದದ್ದು ಚಿಗುರಿನಲ್ಲಿ ಎಂಬ ಒಂದೇ ಅಂಶ ಆ ಊಹೆಯನ್ನು ತಡೆಯಲು ಸಾಕು.

ಲವಣ ಸಂಚಯದ್ದೂ ಇದೇ ಬಗೆಯ ಮೋಸ. ಮೇಲಿಂದ ಮೇಲೆ ಗೊಬ್ಬರ ಹಾಕಿದ ಕುಂಡದಲ್ಲಿ ಲವಣಗಳು ಶೇಖರಗೊಂಡು ಬೇರು ನೀರನ್ನು ಹೀರಲಾರದೆ ಹೋದಾಗ ಎಲೆಯ ತುದಿ ಮತ್ತು ಅಂಚು ಸುಡುತ್ತವೆ; ಪೊಟ್ಯಾಶಿಯಂ ಕೊರತೆಯಲ್ಲೂ ಹಳೆಯ ಎಲೆಗಳ ಅಂಚೇ ಸುಡುವುದರಿಂದ, ಹೆಚ್ಚಳವನ್ನು ಅಭಾವವೆಂದು ತಿಳಿದು ಮತ್ತಷ್ಟು ಗೊಬ್ಬರ ಹಾಕುವ ಅಪಾಯ ಇಲ್ಲಿ ತೀವ್ರವಾಗಿದೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ಬಟ್ಟಿಯಿಳಿಸಿದ ನೀರು ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ರಸಸಾರವನ್ನೂ ಲವಣಾಂಶದ ಸೂಚಿಯಾದ ವಿದ್ಯುದ್ವಾಹಕತೆಯನ್ನೂ ಅಳೆಯುವ ಸರಳ ಪರೀಕ್ಷೆ ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಅಳತೆಯಿಲ್ಲದೆ ಗೊಬ್ಬರ ಸೂಚಿಸುವುದನ್ನು ನಿದಾನವೆಂದು ಕರೆಯಲಾಗದು.

ಗೋಡೆಗಳ ನಡುವಿನ ಹವೆಯೂ ಎಲೆಯ ಮೇಲೆ ತನ್ನ ಗುರುತು ಬಿಡುತ್ತದೆ. ಕ್ಯಾಲ್ಸಿಯಂ ಮುಖ್ಯವಾಗಿ ನೀರನ್ನು ಮೇಲಕ್ಕೊಯ್ಯುವ ಕ್ಸೈಲಂ ನಾಳಗಳಲ್ಲಿ, ಎಲೆಯಿಂದ ನೀರು ಆವಿಯಾಗುವ ಬಾಷ್ಪವಿಸರ್ಜನೆಯ ಸೆಳೆತದಿಂದ ಸಾಗುತ್ತದೆ. ತೇವ ಹೆಚ್ಚಿ ಗಾಳಿಯಾಡದ ಕೋಣೆಯಲ್ಲಿ ಆ ಸೆಳೆತ ಕುಗ್ಗಿ, ಸುಣ್ಣ ಸಮೃದ್ಧವಾಗಿರುವ ಮಣ್ಣಿನಲ್ಲೂ ಎಳೆಯ ಎಲೆಗಳು ಸುಕ್ಕಾಗಬಹುದು. ಎಲ್‌ಇಡಿ ದೀಪಗಳು ಹಳೆಯ ಸೋಡಿಯಂ ದೀಪಗಳಿಗಿಂತ ಬಹಳ ಕಡಿಮೆ ಅವಗೆಂಪು ಶಾಖವನ್ನು ಎಲೆಗೆ ಬೀರುವುದರಿಂದ, ದೀಪ ಬದಲಿಸಿ ಹವೆಯನ್ನು ಸರಿಹೊಂದಿಸದಿದ್ದಾಗಲೂ ಇದೇ ತೊಂದರೆ ತಲೆದೋರುತ್ತದೆ. ದೀಪಕ್ಕೆ ತೀರ ಹತ್ತಿರವಿರುವ ತುದಿಗಳಷ್ಟೇ ಬಿಳಿಚಿಕೊಂಡಿದ್ದರೆ ಬೆಳಕಿನ ಅತಿರೇಕವನ್ನು ಶಂಕಿಸಬೇಕು. ಅತಿ ನೀರಿನಿಂದ ಮಣ್ಣಿನ ರಂಧ್ರಗಳಲ್ಲಿ ಆಮ್ಲಜನಕವಿಲ್ಲದೆ ಉಸಿರುಗಟ್ಟಿದ ಬೇರು ಯಾವ ಪೋಷಕಾಂಶವನ್ನೂ ಸರಿಯಾಗಿ ಹೀರಲಾರದು; ಆಗ ಹಲವು ಕೊರತೆಗಳು ಒಟ್ಟಿಗೆ ಕಾಣಿಸಿ ಯಾವ ಪಟ್ಟಿಗೂ ಹೊಂದದ ಚಿತ್ರವೊಂದು ಮೂಡುತ್ತದೆ.

ಚಿಕಿತ್ಸೆಯ ಫಲವನ್ನು ಹೊಸ ಎಲೆಗಳಲ್ಲಿ ನೋಡಬೇಕೇ ಹೊರತು ಹಾನಿಗೊಂಡವುಗಳಲ್ಲಲ್ಲ. ಸತ್ತ ಊತಕ ಮತ್ತೆ ಹಸಿರಾಗದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಚಿಗುರಿಗಾಗಿ ಕಾಯದಿದ್ದರೆ ಯಾವುದು ಫಲಿಸಿತೆಂಬುದು ತಿಳಿಯುವ ದಾರಿಯಿಲ್ಲ.

ಪೋಷಣೆಗೆ ಸಂಬಂಧಿಸದ ಕಾರಣಗಳನ್ನು ತಳ್ಳಿಹಾಕಿದ ಮೇಲೆಯೇ ಈ ಎಲ್ಲ ವಿಚಾರಣೆಗೆ ಅರ್ಥ. ಎರಡು ಚುಕ್ಕೆಯ ನುಸಿ ಎಲೆಯ ಅಡಿಯಿಂದ ರಸ ಹೀರಿದಾಗ ಮೇಲ್ಮೈಯಲ್ಲಿ ಸೂಜಿಮೊನೆಯಂಥ ಬಿಳಿ ಚುಕ್ಕೆಗಳು ಏಳುತ್ತವೆ. ಇನ್ನೂ ಕಿರಿದಾದ ರಸೆಟ್ ನುಸಿ ಬರಿಗಣ್ಣಿಗೆ ಕಾಣದೆ ಎಲೆಯಂಚನ್ನು ಮೇಲ್ಮುಖವಾಗಿ ಸುರುಟಿಸುತ್ತದೆ. ಭೂತಗನ್ನಡಿಯಿಂದ ಎಲೆಯ ಕೆಳಮೈಯನ್ನು ನೋಡದೆ ಕೊರತೆಯ ಮಾತೆತ್ತಬಾರದು. ಸುಳ್ಯ, ಶೃಂಗೇರಿ ಸೀಮೆಯ ಅಡಿಕೆ ಬೆಳೆಗಾರರಿಗೆ ಈ ಎಚ್ಚರ ಹೊಸದಲ್ಲ: ಅಲ್ಲಿನ ಹಳದಿ ಎಲೆ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವಾದ್ದರಿಂದ ಗೊಬ್ಬರ ಅದನ್ನು ಗುಣಪಡಿಸದು. ಗಾಂಜಾ ಗಿಡಕ್ಕೆ ಸಮಾನ ಸಂಕಟ ಒಡ್ಡಿರುವುದು ಹಾಪ್ ಲೇಟೆಂಟ್ ವೈರಾಯ್ಡ್. ಕೇವಲ 256 ನ್ಯೂಕ್ಲಿಯೋಟೈಡ್‌ಗಳ, ಪ್ರೋಟೀನ್ ಕವಚವಿಲ್ಲದ ಈ ಆರ್‌ಎನ್‌ಎ ತುಣುಕು ಗಾಂಜಾದಲ್ಲಿರುವುದು ಕ್ಯಾಲಿಫೋರ್ನಿಯಾದಿಂದ 2019ರಲ್ಲಿ ವರದಿಯಾಯಿತು. ಎಲೆ ಕಿರಿದಾಗುವುದು, ಗಿಡ ಗಿಡ್ಡಾಗುವುದು, ಕಾಂಡ ಪೆಡಸಾಗುವುದು ಇದರ ಲಕ್ಷಣಗಳು. ಸೋಂಕಿತ ತಾಯಿಗಿಡ ಯಾವ ಲಕ್ಷಣವನ್ನೂ ತೋರದೆ ತನ್ನ ತುಂಡುಗಳ ಮೂಲಕ ಇದನ್ನು ದಾಟಿಸಬಲ್ಲದಾದ್ದರಿಂದ, ಎಷ್ಟೇ ನುರಿತ ಕಣ್ಣಿಗೂ ಎಲೆಯೊಂದರಿಂದಲೇ ಇದು ಸಿಗದು, ಪಿಸಿಆರ್ ಪರೀಕ್ಷೆ ಬೇಕೇ ಬೇಕು.