ಕರಾಚಿಗೆ ಹೋಗದ 'ಚಪಲ್'

ಕಾರವಾರದ ಕಡಲತೀರದಲ್ಲಿರುವ ಯುದ್ಧನೌಕೆಯ ವಸ್ತುಸಂಗ್ರಹಾಲಯವನ್ನು ನೋಡಬೇಕೆಂಬ ಆಸೆ ನನಗೆ ಬಹುದಿನಗಳಿಂದ ಇತ್ತು. ಕಳೆದ ಡಿಸೆಂಬರ್ ರಜೆಯಲ್ಲಿ ಅದು ಕೈಗೂಡಿತು. ಮಗಳು, ಅಳಿಯ, ಮೊಮ್ಮಗನೊಂದಿಗೆ ಬಸವೇಶ್ವರನಗರದ ಮನೆಯಿಂದ ಹೊರಟು, ಯಶವಂತಪುರದಲ್ಲಿ ರಾತ್ರಿಯ ರೈಲು ಹತ್ತಿ ಕಾರವಾರ ಸೇರಿದೆವು. ಇತಿಹಾಸದ ತರಗತಿಯಲ್ಲಿ ನನ್ನ ಮುಂದೆ ಕುಳಿತಿದ್ದವರಿಗೆ ನೆನಪಿರಬಹುದು: ಯಾವುದೇ ಕಥೆ ಕೇಳಿದರೂ ಮೊದಲು ಇಸವಿ ನೋಡಿ ಎಂಬುದು ನನ್ನ ಹಳೆಯ ಚಾಳಿ. ಕಾರವಾರದಲ್ಲಿಯೂ ಅದು ನನ್ನನ್ನು ಬಿಡಲಿಲ್ಲ.

ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ನೆಲಕ್ಕೆ ಬಿಗಿದು ನಿಲ್ಲಿಸಿರುವ ಈ ನೌಕೆಯ ಹೆಸರು ಐಎನ್‌ಎಸ್ ಚಪಲ್. 'ಚಪಲ' ಎಂದರೆ ನಮಗೆ ಒಡನೆಯೇ ನಾಲಿಗೆಯ ಚಪಲ ನೆನಪಾಗುತ್ತದೆ. ನೌಕಾಪಡೆಯವರ ಮನಸ್ಸಿನಲ್ಲಿದ್ದುದು ಆ ಪದದ ಮೂಲ ಅರ್ಥ. ಒಂದೆಡೆ ನಿಲ್ಲದ, ಮಿಂಚಿನಂತೆ ಚುರುಕಾದ ಎಂದು. ಉದ್ದ ಸುಮಾರು 39 ಮೀಟರ್, ಅಗಲ ಎಂಟು ಮೀಟರಿಗೂ ಕಡಿಮೆ, ತೂಕ ಸುಮಾರು 245 ಟನ್. ದೊಡ್ಡ ಹಡಗನ್ನು ನಿರೀಕ್ಷಿಸಿ ಬಂದವರಿಗೆ ಮೊದಲ ನೋಟಕ್ಕೆ ನಿರಾಶೆಯಾಗುವುದುಂಟು. ಆದರೆ ಇಕ್ಕೆಲಗಳಲ್ಲಿ ಎರಡೆರಡರಂತೆ ಕುಳಿತ ನಾಲ್ಕು ದಪ್ಪ ಕೊಳವೆಗಳನ್ನು ಗಮನಿಸಬೇಕು. ಕ್ಷಿಪಣಿಗಳು ಹೊರಡುತ್ತಿದ್ದುದು ಅಲ್ಲಿಂದ. ಒಳಗಿಳಿದರೆ ತಲೆ ತಗ್ಗಿಸಿಯೇ ನಡೆಯಬೇಕು. ಸುಮಾರು ಮೂವತ್ತು ಮಂದಿ ಈ ಇಕ್ಕಟ್ಟಿನಲ್ಲಿ ಉಂಡು, ಮಲಗಿ, ಮೂರು ದೈತ್ಯ ಡೀಸೆಲ್ ಎಂಜಿನುಗಳ ಅಬ್ಬರದ ನಡುವೆ ಕೆಲಸ ಮಾಡುತ್ತಿದ್ದರು ಎಂಬುದನ್ನು ಪುಸ್ತಕ ಓದಿ ತಿಳಿಯಲಾಗದು, ಬಗ್ಗಿ ನಡೆದೇ ತಿಳಿಯಬೇಕು.

ಈ ನೌಕೆಯ ಕುರಿತು ಒಂದು ಮಾತು ಎಲ್ಲೆಡೆ ಹಬ್ಬಿದೆ. 1971ರ ಯುದ್ಧದಲ್ಲಿ ಕರಾಚಿ ಬಂದರಿಗೆ ಬೆಂಕಿಯಿಟ್ಟದ್ದು ಇದೇ ಚಪಲ್ ಎಂದು ಪ್ರವಾಸಿಗರು ಹೇಳಿಕೊಳ್ಳುತ್ತಾರೆ, ಅಂತರ್ಜಾಲದ ಪುಟಗಳೂ ಬರೆಯುತ್ತವೆ. ಆದರೆ ಇಸವಿ ಒಪ್ಪುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾದ ಚಪಲ್ ನಮ್ಮ ನೌಕಾಪಡೆಯನ್ನು ಸೇರಿದ್ದು 1976ರಲ್ಲಿ. ಯುದ್ಧ ಮುಗಿದು ಆಗಲೇ ಐದು ವರ್ಷಗಳಾಗಿದ್ದವು.

ಹಾಗಾದರೆ ಕರಾಚಿಗೆ ಹೋದವರು ಯಾರು? ಚಪಲ್‌ನ ಅಣ್ಣಂದಿರು ಎನ್ನಬಹುದು. ಇದೇ ಬಗೆಯ, ಇದಕ್ಕಿಂತ ಹಿಂದಿನ ಮಾದರಿಯ ಎಂಟು ಸೋವಿಯತ್ ದೋಣಿಗಳು 1971ರ ಆರಂಭದಲ್ಲಿ ಭಾರತಕ್ಕೆ ಬಂದವು. ಅವುಗಳನ್ನು ಇಳಿಸಬಲ್ಲ ಭಾರೀ ಕ್ರೇನು ಮುಂಬಯಿಯಲ್ಲಿ ಇರಲಿಲ್ಲ. ಕಲ್ಕತ್ತೆಯಲ್ಲಿ ಇಳಿಸಿ, ಇಡೀ ದಕ್ಷಿಣದ ಕರಾವಳಿಯನ್ನು ಬಳಸಿಕೊಂಡು, ಬೇರೆ ಹಡಗುಗಳಿಂದ ಎಳೆಸಿ ಮುಂಬಯಿಗೆ ತರಲಾಯಿತು. ಈ ದೋಣಿಗಳನ್ನು ಮಾಡಿದ್ದು ಬಂದರಿನ ಸುತ್ತ ಕಾವಲು ಕಾಯಲಿಕ್ಕೆ. ಇವುಗಳ ಹೊಟ್ಟೆಯಲ್ಲಿ ದೂರದ ಪಯಣಕ್ಕೆ ಸಾಲುವಷ್ಟು ಎಣ್ಣೆ ಹಿಡಿಯುವುದಿಲ್ಲ. ಆದರೆ 1967ರ ಅಕ್ಟೋಬರಿನಲ್ಲಿ ಈಜಿಪ್ಟಿನ ಸಣ್ಣ ಕ್ಷಿಪಣಿ ದೋಣಿಗಳು ಇಸ್ರೇಲಿನ 'ಐಲಾತ್' ಎಂಬ ಯುದ್ಧನೌಕೆಯನ್ನು ಮುಳುಗಿಸಿದ್ದನ್ನು ಜಗತ್ತು ನೋಡಿತ್ತು. ಆಗ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಸ್. ಎಂ. ನಂದಾ ಅವರಿಗೆ ಕರಾಚಿ ಬಂದರು ಅಂಗೈ ಗೆರೆಯಷ್ಟು ಪರಿಚಿತ; ಅವರ ಬಾಲ್ಯ ಕಳೆದದ್ದು ಅದರ ಬಾಯಲ್ಲಿರುವ ಮನೋರಾದಲ್ಲಿ. ಕಾವಲಿನ ದೋಣಿಗಳನ್ನು ದಾಳಿಗೆ ಕಳುಹಿಸುವ ತೀರ್ಮಾನ ಹೀಗೆ ಆಯಿತು.

ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕಮಾಂಡರ್ ಬಬ್ರು ಭಾನ್ ಯಾದವ್ ಅವರ ನೇತೃತ್ವದಲ್ಲಿ ಕರಾಚಿಯ ಸಮೀಪಕ್ಕೆ ಸಾಗಿದವು. ರಷ್ಯಾದಲ್ಲಿ ತರಬೇತಿ ಪಡೆದಿದ್ದ ನಾವಿಕರು ಗುಟ್ಟು ಕಾಯಲು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತನಾಡಿಕೊಂಡರಂತೆ. ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಮುಳುಗಿದವು. ನಾಲ್ಕು ದಿನಗಳ ಬಳಿಕ ವಿನಾಶ್ ಎಂಬ ಇನ್ನೊಂದು ದೋಣಿಯ ದಾಳಿಗೆ ಕೇಮಾರಿಯ ತೈಲ ಸಂಗ್ರಹಾಗಾರ ಹೊತ್ತಿ ಉರಿಯಿತು. ಡಿಸೆಂಬರ್ 4ನ್ನು ನಾವು ಇಂದಿಗೂ ನೌಕಾಪಡೆಯ ದಿನವೆಂದು ಆಚರಿಸುವುದು ಇದರಿಂದಲೇ. ಖೈಬರ್ ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಡಿಸೆಂಬರ್ 9ರಂದು ನಮ್ಮ ಐಎನ್‌ಎಸ್ ಖುಕ್ರಿ ದೀವ್ ಬಳಿ ಪಾಕಿಸ್ತಾನದ ಜಲಾಂತರ್ಗಾಮಿಯ ಏಟಿಗೆ ಮುಳುಗಿ, ಕ್ಯಾಪ್ಟನ್ ಮುಲ್ಲಾ ಸೇರಿ 194 ಮಂದಿ ಜಲಸಮಾಧಿಯಾದರು. ಇಷ್ಟು ಜನರ ಸಾವಿನ ಕಥೆಯನ್ನು, ಅಲ್ಲಿರದೇ ಇದ್ದ ದೋಣಿಯೊಂದರ ಹೆಗಲಿಗೆ ಏರಿಸುವುದು ಹೋದವರಿಗೂ ನ್ಯಾಯವಲ್ಲ, ಚಪಲ್‌ಗೂ ನ್ಯಾಯವಲ್ಲ.

ಚಪಲ್ 1976ರಿಂದ 2005ರ ಮೇ ತಿಂಗಳವರೆಗೆ ಸೇವೆಯಲ್ಲಿತ್ತು. ಇಪ್ಪತ್ತೆಂಟು ವರ್ಷ ಮೀರಿ, ಕರೆ ಬಂದ ಕ್ಷಣ ಹೊರಡಲು ಸಿದ್ಧವಾಗಿ ಕಾದಿತ್ತು ಎಂಬುದೇ ಅದರ ಚರಿತ್ರೆ. ಕಾಯುವುದು ಕೆಲಸವಲ್ಲವೆ? ರಾತ್ರಿಯಿಡೀ ಊರು ಸುತ್ತುವ ಗೂರ್ಖಾನನ್ನು, ಕಳ್ಳರು ಬರಲಿಲ್ಲವೆಂದು ನಾವು ಹೀಗಳೆಯುವುದಿಲ್ಲ.

ಕಾರವಾರಕ್ಕೂ 1971ಕ್ಕೂ ನಿಜವಾದ ನಂಟು ಬೇರೆಯೇ ಇದೆ. ಕಿಕ್ಕಿರಿದ ಮುಂಬಯಿ ಬಂದರಿನಿಂದ ದೂರದಲ್ಲಿ ಪಡುವಣ ಕರಾವಳಿಗೆ ಇನ್ನೊಂದು ನೆಲೆ ಬೇಕೆಂಬ ವಿಚಾರಕ್ಕೆ ಆ ಯುದ್ಧದ ಅನುಭವ ಬಲ ಕೊಟ್ಟಿತು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲು ಇಟ್ಟರು. ಮನೆ, ಗದ್ದೆ, ಮೀನು ಹಿಡಿಯುವ ದಂಡೆ ಬಿಟ್ಟು ಸಾವಿರಾರು ಕುಟುಂಬಗಳು ಏಳಬೇಕಾಯಿತು. ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಅವರಲ್ಲಿದ್ದಾರೆ. ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಚಪಲ್ ನಿವೃತ್ತಿಯಾದದ್ದೂ ಅದೇ ತಿಂಗಳು! ಮರುವರ್ಷವೇ ಅದು ಈ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಯಿತು. ಬಳಿಯಲ್ಲೇ ಕಾರವಾರ ತಾಲ್ಲೂಕಿನ ಚೆಂಡಿಯಾದ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. 1948ರ ಏಪ್ರಿಲಿನಲ್ಲಿ ಕಾಶ್ಮೀರದ ರಾಜೌರಿ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು, ಬದುಕಿದ್ದಾಗಲೇ ಪರಮವೀರಚಕ್ರ ಪಡೆದವರು ಅವರು. ಹೋದವರು ಅಲ್ಲಿ ಎರಡು ನಿಮಿಷ ನಿಲ್ಲಬೇಕು.

"ತಾತ, ಯುದ್ಧ ಮಾಡಿದ ಹಡಗನ್ನೇ ಯಾಕೆ ಇಟ್ಟುಕೊಳ್ಳಲಿಲ್ಲ?" ಎಂದು ಮೊಮ್ಮಗ ಕೇಳಿದ. ಇಟ್ಟುಕೊಂಡಿದ್ದೆವು. 1971ರಲ್ಲಿ ಬಂಗಾಳ ಕೊಲ್ಲಿಯಿಂದ ಚಿತ್ತಗಾಂಗ್ ಮೇಲೆ ವಿಮಾನಗಳನ್ನು ಹಾರಿಸಿದ ಐಎನ್‌ಎಸ್ ವಿಕ್ರಾಂತ್ 1997ರಲ್ಲಿ ನಿವೃತ್ತಿಯಾದ ಮೇಲೆ ಕೆಲಕಾಲ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಅಷ್ಟು ದೊಡ್ಡ ಹಡಗನ್ನು ಉಳಿಸಿಕೊಳ್ಳುವ ವೆಚ್ಚಕ್ಕೆ ಯಾರೂ ಮುಂದಾಗದೆ, 2014ರಲ್ಲಿ ಅದನ್ನು ಗುಜರಿಗೆ ಮಾರಿ ಒಡೆದರು. ಅದರ ಲೋಹದ ಒಂದಂಶವನ್ನು ಕೊಂಡ ಬಜಾಜ್ ಕಂಪನಿ 2016ರಲ್ಲಿ 'ವಿ' ಎಂಬ ಮೋಟಾರುಬೈಕನ್ನು ಹೊರತಂದಿತು. ವಿಜಯನಗರದ ಕಡೆ ಅಂಥ ಬೈಕು ಕಂಡರೆ ತೋರಿಸುವೆನೆಂದು ಹುಡುಗನಿಗೆ ಮಾತು ಕೊಟ್ಟಿದ್ದೇನೆ.